ಹಡಗಿನಲ್ಲಿ ಆರು ಗಂಟೆ, ಮಗುವಿನ ಹೊಟ್ಟೆಯಲ್ಲಿ ಮೂರೂವರೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹಡಗಿನದೇ. ಮೊದಲೆಲ್ಲ ತಿರುಪತಿಗೆ ಮಗುವನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳುತ್ತಿದ್ದರು, ಈಗ ಕ್ರೂಸ್, ಅಂದರೆ ಹಡಗಿನಲ್ಲೇ ಉಂಡು ಮಲಗಿ ಸುತ್ತುವ ಪ್ರವಾಸ! ಇರಲಿ, ನಾನೂ ಮಗನಿಗೆ ನಾಲ್ಕು ವರ್ಷ ಆಗಿದ್ದಾಗ ಹೋಗಿ, ಮಾಡಬಾರದ ತಪ್ಪನ್ನೆಲ್ಲ ಮಾಡಿ ಬಂದವಳು. ಹಾಗಾಗಿ ಉತ್ತರ ಕೊಡುವ ಹಕ್ಕಿದೆ ಅಂದುಕೊಳ್ಳುತ್ತೇನೆ.

ಪ್ರಶ್ನೆ: ಅಕ್ಕಾ, ಡಿಸೆಂಬರ್ ರಜೆಗೆ ಸಿಂಗಪುರಕ್ಕೆ ಹೋಗಿ, ಅಲ್ಲಿಂದ ಮೂರು ರಾತ್ರಿಯ ಕ್ರೂಸ್ ಹತ್ತೋಣ ಅಂತ ನಮ್ಮ ಮನೆಯವರ ಆಸೆ. ಮಗನಿಗೆ ಐದು ವರ್ಷ, ಮಗಳಿಗೆ ಒಂದೂವರೆ. ಮಗ ಚಾರ್ಮಾಡಿ ಘಾಟಿಯ ಎರಡನೇ ತಿರುವಿಗೇ ವಾಂತಿ ಮಾಡುತ್ತಾನೆ. ಧರ್ಮಸ್ಥಳಕ್ಕೆ ಹೋಗಿಬರುವಷ್ಟರಲ್ಲಿ ನಾಲ್ಕು ಜೊತೆ ಬಟ್ಟೆ ಬೇಕು. ಇವನನ್ನು ಹಡಗು ಹತ್ತಿಸಬಹುದಾ?
— ಒಬ್ಬ ತಾಯಿ, ಚಿಕ್ಕಮಗಳೂರು

ಉತ್ತರ: ಹತ್ತಿಸಬಹುದು ತಂಗೀ. ಘಾಟಿಯಲ್ಲಿ ವಾಂತಿ ಮಾಡುವ ಮಗು ಹಡಗಿನಲ್ಲೂ ಮಾಡೇ ಮಾಡುತ್ತದೆ ಅಂತೇನಿಲ್ಲ. ಎರಡಕ್ಕೂ ಕಾರಣ ಒಂದೇ: ನಾವು ಅಲುಗಾಡುತ್ತಿದ್ದೇವೆ ಅಂತ ಒಳಕಿವಿ ಹೇಳುತ್ತದೆ, ಕಣ್ಣಿಗೆ ಮುಂದಿನ ಸೀಟಿನ ಬೆನ್ನು ಮಾತ್ರ ಕಾಣುತ್ತದೆ, ಇವೆರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಆದರೆ ಬಸ್ಸು ನಿಮಿಷಕ್ಕೆರಡು ಸಲ ತಿರುಗುತ್ತದೆ, ದೊಡ್ಡ ಹಡಗು ಹಾಗಲ್ಲ. ಸಿಂಗಪುರದಿಂದ ಹೊರಡುವ ಜೆಂಟಿಂಗ್ ಡ್ರೀಮ್ ಅನ್ನುವ ಹಡಗು 335 ಮೀಟರ್ ಉದ್ದ ಇದೆ. ಇಂಥ ಹಡಗುಗಳಿಗೆ ನೀರಿನೊಳಗೆ ಎರಡೂ ಬದಿ ರೆಕ್ಕೆಗಳಿರುತ್ತವೆ, ಓಲಾಟ ಕಡಿಮೆ ಮಾಡುವುದಕ್ಕೆ. ಅಲ್ಲಿಂದ ಮಲೇಷ್ಯಾದ ಪಿನಾಂಗ್ ದ್ವೀಪದ ಕಡೆ ಹೋಗುವ ದಾರಿ ಮಲಕ್ಕಾ ಜಲಸಂಧಿ, ಒಂದು ಬದಿ ಸುಮಾತ್ರಾ, ಇನ್ನೊಂದು ಬದಿ ಮಲೇಷ್ಯಾ. ಎರಡು ಗೋಡೆಯ ನಡುವಿನ ಓಣಿ ಇದ್ದ ಹಾಗೆ, ದೊಡ್ಡ ಅಲೆ ಏಳುವುದು ಕಡಿಮೆ.

ಇನ್ನೊಂದು ಸಮಾಧಾನ. ಎರಡು ವರ್ಷದೊಳಗಿನ ಮಕ್ಕಳಿಗೆ ಈ ತೊಂದರೆ ಅಪರೂಪ. ನಿಮ್ಮ ಚಿಕ್ಕವಳು ಆರಾಮಾಗಿರುತ್ತಾಳೆ, ಕಣ್ಣಿಡಬೇಕಾದ್ದು ದೊಡ್ಡವನ ಮೇಲೆ.

ನಿಜವಾದ ಕೆಲಸ ಇರುವುದು ದುಡ್ಡು ಕಟ್ಟುವ ಮೊದಲು. ರೂಮು ಹಡಗಿನ ಉದ್ದದಲ್ಲಿ ನಡುಮಧ್ಯ ಇರಲಿ, ಆದಷ್ಟು ಕೆಳ ಅಂತಸ್ತಿನಲ್ಲಿರಲಿ. ತೊಟ್ಟಿಲು ನೋಡಿಲ್ವಾ, ತುದಿ ಜಾಸ್ತಿ ಏಳುತ್ತದೆ, ನಡು ಕಡಿಮೆ. ಜನ ಜಾಸ್ತಿ ದುಡ್ಡು ಕೊಟ್ಟು ಮೇಲಿನ ಅಂತಸ್ತಿನ ಮೂತಿಯ ಕಡೆ ರೂಮು ತಗೊಳ್ಳುತ್ತಾರೆ, ಆಮೇಲೆ ಮೂರು ದಿನ ಅಲ್ಲೇ ಮಲಗಿರುತ್ತಾರೆ. ನಾವೂ ಹಾಗೇ ಮಾಡಿದ್ದು.

ಹೊಟ್ಟೆ ತೊಳಸುತ್ತಿದೆ ಅಂದ ತಕ್ಷಣ ಕೈಯಿಂದ ಮೊಬೈಲ್ ಕಿತ್ತುಕೊಳ್ಳಿ. ಅಳಲಿ ಪರವಾಗಿಲ್ಲ. ಮೇಲಿನ ತೆರೆದ ಡೆಕ್ಕಿಗೆ ಕರೆದುಕೊಂಡು ಹೋಗಿ, ನೀರು ಆಕಾಶ ಸೇರುವ ಗೆರೆ ತೋರಿಸಿ, ದೂರದಲ್ಲಿ ಎಷ್ಟು ಹಡಗಿದೆ ಎಣಿಸು ಅನ್ನಿ. ಆ ಜಲಸಂಧಿಯಲ್ಲಿ ಎಣಿಸಲು ಹಡಗುಗಳಿಗೇನೂ ಕೊರತೆ ಇಲ್ಲ. ರಾತ್ರಿಯಾದರೆ ದೀಪ ಆರಿಸಿ, ಕಣ್ಣು ಮುಚ್ಚಿಸಿ, ಮಟ್ಟಸವಾಗಿ ಮಲಗಿಸಿ. ನಿಂಬೆಹಣ್ಣು ಮೂಸುವುದು, ಒಣಶುಂಠಿ ಚೀಪುವುದು ಇವೆಲ್ಲ ನಮ್ಮ ಅಮ್ಮಂದಿರ ಉಪಾಯ. ಮಾಡಿ, ನಷ್ಟವಿಲ್ಲ.

ಮಾತ್ರೆ ವಿಷಯಕ್ಕೆ ನಾನು ಡಾಕ್ಟರಲ್ಲ, ಮಕ್ಕಳ ಡಾಕ್ಟರನ್ನು ಕೇಳಿಯೇ ಕೊಡಿ. ಆದರೆ ಎರಡು ಮಾತು. ಬಸ್ಸಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಕೊಡುವ ಅವೋಮಿನ್‌ನಲ್ಲಿ ಇರುವುದು ಪ್ರೊಮೆಥಜಿನ್. ಎರಡು ವರ್ಷದೊಳಗಿನ ಮಗುವಿಗೆ ಅದನ್ನು ಕೊಡಲೇಬಾರದು, ಉಸಿರಾಟಕ್ಕೇ ತೊಂದರೆಯಾಗಬಹುದು. ಅಣ್ಣನಿಗೆ ಕೊಡುವಾಗ ತಂಗಿಗೂ ಕಾಲು ಚೂರು ಅಂತ ಮುರಿದು ಕೊಡಬೇಡಿ. ದೊಡ್ಡವರು ಕಿವಿ ಹಿಂದೆ ಅಂಟಿಸಿಕೊಳ್ಳುವ ಪಟ್ಟಿ ಮಕ್ಕಳಿಗಲ್ಲ. ಮಗನಿಗೆ ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಊರಲ್ಲೇ ಒಂದು ದಿನ ಕೊಟ್ಟು ನೋಡಬಹುದಾ ಅಂತಲೂ ಅವರನ್ನೇ ಕೇಳಿ. ಬಹಳ ಮಕ್ಕಳು ನಿದ್ದೆ ಹೋಗುತ್ತಾರೆ, ಕೆಲವರು ಮಾತ್ರ ತದ್ವಿರುದ್ಧ, ಕೀಲಿ ಕೊಟ್ಟ ಗೊಂಬೆಯ ಹಾಗೆ ಕುಣಿಯುತ್ತಾರೆ. ಅದು ಹಡಗಿನಲ್ಲಿ ರಾತ್ರಿ ಹನ್ನೊಂದಕ್ಕೆ ಗೊತ್ತಾದರೆ ಕಷ್ಟ ಅಲ್ವಾ? ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೇ ಹೊರಗೆ ಬರುತ್ತದೆ.

ವಾಂತಿ ಆದ ತಕ್ಷಣ ಲೋಟ ಲೋಟ ನೀರು ಕುಡಿಸಬೇಡಿ. ಹತ್ತು ನಿಮಿಷ ಬಿಟ್ಟು ಓಆರ್‌ಎಸ್ ನೀರು, ಚಮಚ ಚಮಚವಾಗಿ. ವಾಂತಿಯ ಜೊತೆ ಭೇದಿಯೂ ಆದರೆ ಅದು ಅಲೆಯ ಕಾಟ ಅಲ್ಲ, ಹೊಟ್ಟೆಯ ಸೋಂಕು. ಮುಚ್ಚಿಡದೆ ಹಡಗಿನ ಡಾಕ್ಟರಿಗೆ ಹೇಳಿ. ಅವರ ಬಿಲ್ಲು ದುಬಾರಿ, ಆದ್ದರಿಂದ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸದೆ ಹೋಗಬೇಡಿ.

ಪ್ರಶ್ನೆ: ನಾವೂ ಸಿಂಗಪುರದಿಂದಲೇ ಹೊರಡುತ್ತೇವೆ. ನನ್ನ ಮಗಳಿಗೆ ಮೂರು ವರ್ಷ, ಮೊಸರನ್ನ ಬಿಟ್ಟು ಬೇರೆ ಏನೂ ಮುಟ್ಟಲ್ಲ. ರಾತ್ರಿ ಊಟ ಆರು ಗಂಟೆಯ ಪಂಕ್ತಿಗಾ, ಎಂಟೂವರೆಯ ಪಂಕ್ತಿಗಾ ಅಂತ ಬುಕಿಂಗ್‌ನವರು ಕೇಳುತ್ತಿದ್ದಾರೆ. ಮಗು ಇದ್ದವರು ಮೊದಲ ಪಂಕ್ತಿಯೇ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಸರಿನಾ ಮೇಡಂ?
— ಒಬ್ಬ ಅಪ್ಪ, ಬೆಂಗಳೂರು

ಉತ್ತರ: ಎಲ್ಲರೂ ಹೇಳುತ್ತಾರೆ, ಆದರೆ ಗಡಿಯಾರ ನೋಡಿ ಹೇಳುವುದಿಲ್ಲ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಸಂಜೆ ಆರು ಅಂದರೆ ನಿಮ್ಮ ಮಗಳ ಹೊಟ್ಟೆಗೆ ಮಧ್ಯಾಹ್ನ ಮೂರೂವರೆ, ಆಗತಾನೆ ಮಲಗಿ ಎದ್ದಿರುತ್ತಾಳೆ. ಯಾವ ಮಗು ಆ ಹೊತ್ತಿಗೆ ರಾತ್ರಿ ಊಟ ಮಾಡುತ್ತದೆ ಹೇಳಿ? ನೀವು ಬೈತೀರಿ, ಅವಳು ಅಳ್ತಾಳೆ, ಪಕ್ಕದ ಟೇಬಲ್ಲಿನವರು ನೋಡ್ತಾರೆ. ಅಲ್ಲಿನ ಎಂಟೂವರೆ ಅಂದರೆ ನಮ್ಮ ಸಂಜೆ ಆರು, ಅದು ಪರವಾಗಿಲ್ಲ. ಎರಡನೇ ಪಂಕ್ತಿ ತಗೊಳ್ಳಿ, ಇಲ್ಲವೇ ಪಂಕ್ತಿಯ ಗೊಡವೆಯೇ ಬೇಡ ಅಂತ ಬಫೆಯಲ್ಲಿ ತಿನ್ನಿಸಿ. ನನ್ನ ಮತ ಬಫೆಗೇ. ಮೂರು ವರ್ಷದ ಮಗುವನ್ನು ಒಂದೂವರೆ ಗಂಟೆ ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ತಟ್ಟೆ ಬರುವುದನ್ನು ಕಾಯಿಸುವುದು ಯಾರಿಗೂ ಬೇಡದ ಶಿಕ್ಷೆ.

ಬೆಳಿಗ್ಗೆ ಇದರ ಉಲ್ಟಾ ಪೆಟ್ಟು ಬೀಳುತ್ತದೆ. ಊರಿನ ಲೆಕ್ಕದಲ್ಲಿ ಏಳಕ್ಕೆ ಎದ್ದರೆ ಅಲ್ಲಿ ಒಂಬತ್ತೂವರೆ, ಬಫೆಯವರು ತಿಂಡಿ ಪಾತ್ರೆ ಎತ್ತುವ ಹೊತ್ತು. ನಮಗೆ ಮೊದಲ ದಿನ ಸಿಕ್ಕಿದ್ದು ಬರೀ ಕಲ್ಲಂಗಡಿ ಹಣ್ಣು. ಹಾಗಾಗಿ ರಾತ್ರಿಯೇ ಎರಡು ಬಾಳೆಹಣ್ಣು, ಒಂದು ಬನ್ನು ತಂದು ರೂಮಿನಲ್ಲಿ ಇಟ್ಟುಕೊಳ್ಳಿ. ಆದರೆ ಹಡಗಿನ ಹಣ್ಣನ್ನು ಬಂದರಿನಲ್ಲಿ ಕೆಳಗೆ ಒಯ್ಯಬೇಡಿ, ಕಸ್ಟಮ್ಸ್‌ನವರು ಹಿಡಿಯುತ್ತಾರೆ. ಹಡಗು ಹತ್ತುವ ಮೊದಲು ಸಿಂಗಪುರದಲ್ಲಿ ಎರಡು ದಿನ ಉಳಿದರೆ ಮಗುವಿನ ಗಡಿಯಾರ ಅರ್ಧ ಸರಿಹೋಗಿರುತ್ತದೆ.

ಮೊಸರನ್ನದ ಚಿಂತೆ ಬಿಡಿ. ಅಲ್ಲಿಂದ ಹೊರಡುವ ಹಡಗಿನಲ್ಲಿ ನಮ್ಮವರು ತುಂಬಾ ಜನ ಇರುತ್ತಾರೆ, ಸಸ್ಯಾಹಾರದ ಭಾರತೀಯ ಊಟ ಸಿಗುತ್ತದೆ. ಅನ್ನ ಇರುತ್ತದೆ, ಸಪ್ಪೆ ಯೋಗರ್ಟ್ ಕೇಳಿ ತಗೊಳ್ಳಿ, ಚಿಟಿಕೆ ಉಪ್ಪು ಹಾಕಿ ಕಲಸಿ. ಸಿಹಿ ಯೋಗರ್ಟ್ ಅಲ್ಲ ಅಂತ ನೋಡಿಕೊಳ್ಳಿ, ನಾನು ಸ್ಟ್ರಾಬೆರಿಯದ್ದು ಕಲಸಿ ಮಗನ ಕೈಲಿ ಬೈಸಿಕೊಂಡಿದ್ದೇನೆ. ಕುಕ್ಕರ್, ಇಂಡಕ್ಷನ್ ಒಲೆ ಒಯ್ಯುವ ಯೋಚನೆ ಮಾಡಬೇಡಿ. ಬೆಂಕಿಯ ಭಯಕ್ಕೆ ಬಿಸಿ ಮಾಡುವ ಸಾಮಾನನ್ನು ಹಡಗಿನವರು ಬಿಡುವುದಿಲ್ಲ. ನನ್ನ ಪುಟ್ಟ ಕೆಟಲ್ಲನ್ನು ಸ್ಕ್ಯಾನಿಂಗಿನಲ್ಲೇ ಹಿಡಿದು ಚೀಟಿ ಬರೆದುಕೊಟ್ಟರು, ಇಳಿಯುವ ದಿನ ವಾಪಸ್ ಕೊಟ್ಟರು. ಹುರಿಹಿಟ್ಟು ಒಳ್ಳೆಯದು, ಬೇಯಿಸುವ ಗೋಜಿಲ್ಲ, ಬಿಸಿ ಹಾಲಿಗೆ ಹಾಕಿ ಕಲಸಿದರೆ ಆಯಿತು. ಮನೆಯಲ್ಲಿ ಮಾಡಿದ ತಿಂಡಿಗೆ ತಕರಾರು ತೆಗೆಯುತ್ತಾರೆ, ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್ಟೇ ಇರಲಿ.

ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಸಿ. ಬಾಗಿಲಲ್ಲಿ ಕೈಗೆ ಹಾಕುವ ಸ್ಯಾನಿಟೈಸರ್ ಸಾಕಾಗಲ್ಲ, ಹಡಗುಗಳಲ್ಲಿ ವಾಂತಿ-ಭೇದಿ ಹಬ್ಬಿಸುವ ನೊರೊವೈರಸ್ ಅದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ.

ಪ್ರಶ್ನೆ: ಮಗ-ಸೊಸೆ ಮುಂಬೈಯಿಂದ ಲಕ್ಷದ್ವೀಪಕ್ಕೆ ಕ್ರೂಸ್ ಬುಕ್ ಮಾಡುವವರಿದ್ದಾರೆ. ಮೊಮ್ಮಗನಿಗೆ ಎಂಟು ತಿಂಗಳು. ಅರಬ್ಬೀ ಸಮುದ್ರ ಅಂದರೆ ನನಗೆ ಭಯ. ಬೇಡ ಅನ್ನಲಾ?
— ಒಬ್ಬ ಅಜ್ಜ, ಹುಬ್ಬಳ್ಳಿ

ಉತ್ತರ: ಬೇಡ ಅನ್ನಬೇಡಿ ಅಜ್ಜಾವ್ರೇ, ಯಾವ ತಿಂಗಳು ಅಂತ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸಮುದ್ರ ಯಾರಿಗೂ ಬೇಡ. ಡಿಸೆಂಬರ್‌ನಿಂದ ಫೆಬ್ರವರಿ ಸಾಮಾನ್ಯವಾಗಿ ಶಾಂತ. ಮುಂಬೈಯಿಂದ ಹೋಗುವ ಎಂಪ್ರೆಸ್ ಹಡಗು 1990ರದ್ದು, 211 ಮೀಟರ್ ಉದ್ದ, ಸಿಂಗಪುರದವುಗಳಷ್ಟು ದೊಡ್ಡದಲ್ಲ, ಹಾಗಾಗಿ ಓಲಾಟ ಸ್ವಲ್ಪ ಜಾಸ್ತಿ ಗೊತ್ತಾಗಬಹುದು. ಹೆಚ್ಚಿನ ಕಂಪನಿಗಳು ಆರು ತಿಂಗಳು ತುಂಬದ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ, ನಿಮ್ಮ ಮೊಮ್ಮಗ ಅದನ್ನು ದಾಟಿದ್ದಾನೆ. ನಿಜವಾದ ತೊಂದರೆ ದ್ವೀಪದ ಹತ್ತಿರ. ಹಡಗು ಆಳದಲ್ಲೇ ಲಂಗರು ಹಾಕುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ದಾಟಬೇಕು. ಆ ದೋಣಿ ಏಳುತ್ತಾ ಇಳಿಯುತ್ತಾ ಇರುವಾಗ ಮಗುವನ್ನು ಎತ್ತಿಕೊಂಡು ಕಾಲಿಡುವುದು ಸುಲಭವಲ್ಲ. ಗಾಳಿ ಇದ್ದ ದಿನ ಒಬ್ಬರು ಮಗುವಿನ ಜೊತೆ ಹಡಗಲ್ಲೇ ಉಳಿದರೆ ಏನೂ ಗಂಟು ಹೋಗಲ್ಲ ಅಂತ ಮಗನಿಗೆ ನೀವೇ ಹೇಳಿ, ನಿಮ್ಮ ಮಾತಾದರೆ ಕೇಳುತ್ತಾನೆ. ಡೈಪರ್ ಹಾಕಿದ ಮಕ್ಕಳನ್ನು ಈಜುಕೊಳಕ್ಕೆ ಬಿಡುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ ಅಂತಲೂ ಹೇಳಿ.

ಪ್ರಶ್ನೆ: ಬಾಲ್ಕನಿ ರೂಮು ತಗೊಂಡಿದ್ದೇವೆ. ನಾಲ್ಕು ವರ್ಷದ ಅವಳಿಗಳು, ಕೋತಿಗಳೇ. ಕ್ಯಾನ್ಸಲ್ ಮಾಡಲಾ?
— ಮೈಸೂರು

ಉತ್ತರ: ಬೇಡ. ಕಟಾಂಜನ ಎತ್ತರವಾಗಿಯೇ ಇರುತ್ತದೆ, ಅಪಾಯ ಇರುವುದು ಅಲ್ಲಿ ಹಾಕಿರುವ ಕುರ್ಚಿಗಳಲ್ಲಿ. ರೂಮಿಗೆ ಹೋದ ತಕ್ಷಣ ಅವೆರಡನ್ನೂ ಒಳಗೆ ಎಳೆದುಕೊಳ್ಳಿ, ಬಾಲ್ಕನಿ ಬಾಗಿಲಿನ ಚಿಲಕ ಮಕ್ಕಳ ಕೈಗೆ ಎಟುಕುತ್ತದಾ ನೋಡಿ. ಎಟುಕಿದರೆ ರೂಮಿನ ಹುಡುಗನಿಗೆ ಆಗಲೇ ಹೇಳಿ, ರಾತ್ರಿಯವರೆಗೆ ಕಾಯಬೇಡಿ.