ಪ್ರತಿಕ್ರಿಯೆ: ಕಾಲಾ ಊರು ಮ್ಯಾಪಿನಲ್ಲಿ ಯಾಕೆ ಸಿಗುತ್ತಿಲ್ಲ?

ತೈವಾನಿನ ತಾವೋಯುವಾನ್ ಬೆಟ್ಟಗಳಲ್ಲಿದ್ದ, ಅತಾಯಲ್ ಅನ್ನೋ ಮೂಲನಿವಾಸಿಗಳ ಊರು ಕಾಲಾ ಈಗಿನ ಮ್ಯಾಪಿನಲ್ಲಿ ಕಾಣ್ತಿಲ್ಲ ಅಂದಿರಲ್ಲ, ಅದು ಶಿಮೆನ್ ಜಲಾಶಯದಲ್ಲಿ ಮುಳುಗಿದೆ. ಜಲಾಶಯ ಮುಗಿದದ್ದು 1964ರಲ್ಲಿ. ಮೊದಲು ತೈವಾನಿನ ಸಂಶೋಧನಾ ಸಂಸ್ಥೆ ಅಕಾಡೆಮಿಯಾ ಸಿನಿಕಾದ ಹಳೇ ನಕ್ಷೆಗಳ ತಾಣದಲ್ಲಿ ಜಪಾನೀಯರ ಆಳ್ವಿಕೆ ಕಾಲದ 1:50,000 ನಕ್ಷೆಯನ್ನು ಇಂದಿನದರ ಮೇಲೆ ಹಾಕಿ. ಹಳೇ ನಕ್ಷೆಯನ್ನು ಮೆಲ್ಲಗೆ ಗಾಢ ಮಾಡುತ್ತಾ ಹೋದರೆ ನೀಲಿ ನೀರಿನಡಿಯಿಂದ ಹೊಳೆಯ ಹಳೇ ತಿರುವು ಮೇಲೇಳುತ್ತದೆ, ನೋಡೋಕೇ ಒಂಥರಾ ಆಗುತ್ತದೆ. ಊರಿನ ಹೆಸರು ಬಹುಶಃ ಜಪಾನಿನ ಕಟಕಾನ ಲಿಪಿಯಲ್ಲಿರುತ್ತದೆ, ಬರೀ ಚೀನಿ ಅಕ್ಷರದಲ್ಲಿ ಹುಡುಕಬೇಡಿ. ಆಮೇಲೆ ಆ ಊರಿನ ಜನರ ಜಾಡು ಹಿಡಿಯಿರಿ. ಮೊದಲು ಅವರನ್ನು ದಾಷಿಯ ಜೋಂಗ್‌ಜುವಾಂಗ್‌ಗೆ ಕಳಿಸಿದರು, 1963ರ ಗ್ಲೋರಿಯಾ ಚಂಡಮಾರುತದ ನೆರೆ ಅಲ್ಲೂ ಬಿಡಲಿಲ್ಲ, ಕೊನೆಗೆ ಕಡಲತೀರದ ಗ್ವಾನ್‌ಯಿನ್‌ನ ದಾತಾನ್‌ಗೆ. ಅಲ್ಲಿನ ಗದ್ದೆಗಳಿಗೆ ಮುಂದೆ ಕ್ಯಾಡ್ಮಿಯಂ ಅನ್ನೋ ವಿಷಲೋಹ ಸೇರಿತು, ಹಣೆಬರಹ ಅಲ್ವಾ. 1963ರ ನಂತರದ್ದನ್ನು ಬೆಟ್ಟದ ದಾಖಲೆಗಳಲ್ಲಿ ಸುಮ್ನೆ ಕೆದಕಬೇಡಿ, ದಾತಾನ್ ಹೆಸರಿನಿಂದಲೇ ಹುಡುಕಿ.