ಬೆವರಿಗೂ ಲೆಕ್ಕ ಇರಲಿ

ಓದುಗರ ಪತ್ರ: "ಅಮೆರಿಕದ ಸಿಯಾಟಲ್ ನಗರ, ಬೀದಿಯವರೇ ಸೇರಿ ಮಾಡುವ ಸಣ್ಣಪುಟ್ಟ ಕೆಲಸಗಳಿಗೆ ಹಣ ಕೊಡುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಮೆಚ್ಚಿ ಬರೆದಿದ್ದೀರಿ. ಹಣ ಬೇಕಾದರೆ ಜನ ತಮ್ಮ ದುಡಿಮೆಯನ್ನೂ ಹಾಕಬೇಕಂತೆ. ಕಂದಾಯ ಕಟ್ಟುವವರೂ ನಾವೇ, ಗುದ್ದಲಿ ಹಿಡಿಯುವವರೂ ನಾವೇ ಆದರೆ ಪಾಲಿಕೆ ಇರುವುದು ಯಾಕೆ? ನಮ್ಮ ಬೀದಿಯ ಖಾಲಿ ಮೂಲೆಯನ್ನು ನಾವೇ ಸರಿ ಮಾಡೋಣ ಅಂದವರಿಗೆ ನಾನು ಬೇಡ ಅಂದೆ. ನಾನು ಮಾಡಿದ್ದು ತಪ್ಪಾ?" — ದಾವಣಗೆರೆಯ ಓದುಗರು

ಮಾನ್ಯರೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಚರಂಡಿ, ಕುಡಿಯುವ ನೀರು, ಬೀದಿದೀಪ, ಕಸ ಎತ್ತುವುದು, ಇವೆಲ್ಲ ಪಾಲಿಕೆಯ ಕೆಲಸ. ಇವನ್ನು ಜನರ ಹೆಗಲಿಗೆ ದಾಟಿಸಿ ಶ್ರಮದಾನ ಅಂತ ಹೆಸರಿಟ್ಟರೆ ನಾನೂ ನಿಮ್ಮ ಪಕ್ಕದಲ್ಲಿ ನಿಂತು ಬೇಡ ಅನ್ನುತ್ತೇನೆ.

ಸಿಯಾಟಲ್‌ನವರು ಮಾಡಿದ್ದು ಅದಲ್ಲ. 1988ರಲ್ಲಿ ಆ ನಗರ ನೆರೆಹೊರೆಗಳಿಗೆ ಅಂತಲೇ ಒಂದು ಕಚೇರಿ ತೆರೆಯಿತು. ಅದರ ಮೊದಲ ನಿರ್ದೇಶಕರು ಜಿಮ್ ಡಿಯರ್ಸ್. ಫೈಲುಗಳ ನಡುವೆ ಬೆಳೆದವರಲ್ಲ, ಬಡಾವಣೆಗಳಲ್ಲಿ ಜನರನ್ನು ಒಟ್ಟುಗೂಡಿಸುತ್ತಿದ್ದವರು. 14 ವರ್ಷ ಅಲ್ಲಿದ್ದರು. ಬೀದಿಯವರ ಕೆಲಸಗಳಿಗೆ ಹಣ ಕೊಡುವ ಈ ನಿಧಿ ಶುರುವಾದದ್ದು ಅವರ ಕಾಲದಲ್ಲೇ. 1989ರಲ್ಲಿ ಅದರಲ್ಲಿದ್ದದ್ದು 1.5 ಲಕ್ಷ ಡಾಲರ್. 2001ರ ಹೊತ್ತಿಗೆ 45 ಲಕ್ಷ ಡಾಲರ್ ಆಯಿತು.

ಆಗಿನ ನಿಯಮ ಸರಳ. ನಗರ ಎಷ್ಟು ಕೊಡುತ್ತದೋ ಜನ ಅಷ್ಟರ ಬೆಲೆಯದ್ದನ್ನು ತಮ್ಮ ಕಡೆಯಿಂದ ಹಾಕಬೇಕಿತ್ತು. ಅದು ನಗದೇ ಆಗಬೇಕಿಲ್ಲ. ಯಾರೋ ಒಂದು ಲೋಡು ಮಣ್ಣು ಕೊಡಬಹುದು, ಇನ್ನೊಬ್ಬರು ನಕ್ಷೆ ಬರೆದುಕೊಡಬಹುದು. ಸುಮ್ನೆ ಬಂದು ನಾಲ್ಕು ಗಂಟೆ ಅಗೆದರೂ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ ಇಷ್ಟು ಅಂತ ನಗರವೇ ದರ ಕಟ್ಟಿದೆ. ಕೈಯಲ್ಲಿ ಕಾಸಿಲ್ಲದ ಬೀದಿಯೂ ಅರ್ಜಿ ಹಾಕಬಹುದು ಎನ್ನುವುದೇ ಇದರ ಜೀವಾಳ.

ನಮಗೆ ಇದೇನು ಹೊಸದಲ್ಲ. ನಾಟಿ ಕಾಲದಲ್ಲಿ ಮುಯ್ಯಾಳು ಮಾಡಿದವರಿಗೆ ಗೊತ್ತು, ಇವತ್ತು ನಮ್ಮ ಗದ್ದೆಗೆ ಬಂದ ಆಳಿನ ಲೆಕ್ಕ ನಾಳೆ ಅವರ ಗದ್ದೆಯಲ್ಲಿ ತೀರಬೇಕು. ಬರೆದಿಡದಿದ್ದರೂ ಯಾರೂ ಮರೆಯುವುದಿಲ್ಲ. ಊರ ಹಬ್ಬದ ವಂತಿಗೆಯೂ ಹಾಗೇ. ದುಡ್ಡಿದ್ದವರು ದುಡ್ಡು, ಇಲ್ಲದವರು ಸೌದೆ ಒಡೆದು ಕೊಡುತ್ತಾರೆ. ಸಿಯಾಟಲ್‌ನಲ್ಲಿ ಈ ಲೆಕ್ಕದಲ್ಲಿ ಸರ್ಕಾರವೂ ಒಬ್ಬ ಪಾಲುದಾರ, ಅಷ್ಟೇ.

ಆ ಊರಿನ ಫ್ರೀಮಾಂಟ್ ಬಡಾವಣೆಯಲ್ಲಿ ಅರೋರಾ ಸೇತುವೆಯ ಕೆಳಗೆ ಒಂದು ಕತ್ತಲು ಜಾಗ ಇತ್ತು. ಕಸ ಸುರಿಯುವವರು, ಮಾದಕದ್ರವ್ಯ ಮಾರುವವರು ಬಿಟ್ಟರೆ ಬೇರೆ ಯಾರೂ ಅತ್ತ ಹೋಗುತ್ತಿರಲಿಲ್ಲ. 1990ರಲ್ಲಿ ಅಲ್ಲಿ 18 ಅಡಿಯ ಕಾಂಕ್ರೀಟ್ ರಕ್ಕಸನನ್ನು ಕೂರಿಸಿದರು. ಸೇತುವೆ ಕೆಳಗೆ ಇರುತ್ತಾನೆ ಎಂದು ನಾರ್ವೆ ಕಡೆಯ ಅಜ್ಜಿಕಥೆಗಳಲ್ಲಿ ಬರುತ್ತಾನಲ್ಲ, ಆ ಟ್ರೋಲ್. ನೆಲದಿಂದ ಅರ್ಧ ಮೇಲೆದ್ದು, ಒಂದು ಕೈಯಲ್ಲಿ ನಿಜವಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಹಿಡಿದಿದ್ದಾನೆ. ಶಿಲ್ಪ ಮಾಡಿದವರು ನಾಲ್ವರು. ಖರ್ಚಿನ ಒಂದು ಪಾಲು ಈ ನಿಧಿಯಿಂದ ಬಂತು. ಇವತ್ತು ಮಕ್ಕಳು ಅವನ ಹೆಗಲು ಹತ್ತುತ್ತಾರೆ. ಪಕ್ಕದ ರಸ್ತೆಗೆ ಅವನದೇ ಹೆಸರು.

ಅದೇ ಊರಿನ ಬ್ರಾಡ್ನರ್ ತೋಟದ ಕಥೆ ನನಗೆ ಇನ್ನೂ ಜಾಸ್ತಿ ಇಷ್ಟ. ಪಾರ್ಕಿಗೆ ಸೇರಿದ ಆ ಜಾಗವನ್ನು ಮನೆಗಳಿಗೆ ಅಂತ ಮಾರಲು ನಗರವೇ ಹೊರಟಿತ್ತು. ಅಕ್ಕಪಕ್ಕದವರು ಪಟ್ಟು ಹಿಡಿದರು, ಸಹಿ ಸಂಗ್ರಹಿಸಿದರು. ಪಾರ್ಕಿನ ಜಾಗ ಹೋದರೆ ಅಂಥದ್ದೇ ಬೇರೆ ಜಾಗ ಕೊಡಬೇಕು ಎಂಬ ಕಾನೂನು 1997ರಲ್ಲಿ ಬಂತು. ಆಮೇಲೆ ಅವರೇ ತರಕಾರಿ ಮಡಿಗಳನ್ನು ಮಾಡಿದರು, ಗಾಳಿಯಂತ್ರ ನಿಲ್ಲಿಸಿದರು. ಅದಕ್ಕೂ ಇದೇ ನಿಧಿ ನೆರವಾಯಿತು. ನಗರದ ಜೊತೆ ಜಗಳ ಆಡಿದವರಿಗೇ ನಗರ ಹಣ ಕೊಟ್ಟಿತು, ನೋಡಿ. ನಾವೇ ಕೆಲಸ ಮಾಡಿದರೆ ಪ್ರಶ್ನೆ ಕೇಳುವ ಹಕ್ಕು ಹೋಗುತ್ತದೆ ಎಂಬ ಭಯ ನಿಮ್ಮ ಪತ್ರದಲ್ಲಿದೆ, ಅಲ್ವಾ? ಅಲ್ಲಿ ಆದದ್ದು ಅದರ ಉಲ್ಟಾ. ಒಟ್ಟಿಗೆ ಅಗೆದವರು ಒಟ್ಟಿಗೆ ಹೋಗಿ ಕೇಳುತ್ತಾರೆ.

ಒಂದು ತೊಂದರೆ ಇದ್ದೇ ಇದೆ. ಭಾನುವಾರವೂ ಕೂಲಿಗೆ ಹೋಗುವವರು ಗಂಟೆ ಎಲ್ಲಿಂದ ತರುತ್ತಾರೆ? ಅರ್ಜಿ ತುಂಬುವುದು ಗೊತ್ತಿರುವವರ ಬೀದಿಗೇ ಹಣ ಹೋಗುವ ಅಪಾಯ ಎಲ್ಲ ಊರಲ್ಲೂ ಇದೆ. ಬಡ ಬೀದಿಗಳಿಗೆ ಕಚೇರಿಯವರೇ ನಡೆದು ಹೋಗಿ, ಅವರ ಭಾಷೆಯಲ್ಲೇ ಮಾತಾಡಿ, ಅರ್ಜಿ ಬರೆಸಬೇಕು. ಹಾಗೆ ಮಾಡದಿದ್ದರೆ ಇಂಥ ಯೋಜನೆಯನ್ನು ನಾನು ಒಪ್ಪುವುದಿಲ್ಲ.

ಈಗ ನಮ್ಮ ಬೀದಿಯ ವಿಷಯ ಹೇಳುತ್ತೇನೆ. ನಮ್ಮ ತಿರುವಿನಲ್ಲೂ ಕಸದ ಮೂಲೆ ಇತ್ತು. ಯಾರು ಹಾಕುತ್ತಾರೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೂ ಮಾರುವ ಅಮ್ಮನಿಗೆ ಗೊತ್ತಿತ್ತು. "ಬೆಳಿಗ್ಗೆ ಐದಕ್ಕೆ, ಹಾಲಿಗೆ ಹೋಗೋರು ಸ್ಕೂಟರ್‌ನಿಂದಲೇ ಎಸೀತಾರೆ" ಅಂದರು. ಮೂರು ಭಾನುವಾರ ಸೇರಿ ಜಾಗ ಸಮ ಮಾಡಿದೆವು. ಐದಕ್ಕೆ ಆ ಅಮ್ಮನೇ ನೀರು ಹಾಕಿ ರಂಗೋಲಿ ಬಿಡತೊಡಗಿದರು. ನಾನು ಒಂದು ಗೆರೆ ಪುಸ್ತಕದಲ್ಲಿ ಬರೆದಿಟ್ಟೆ: ಯಾರು, ಎಷ್ಟು ಗಂಟೆ, ಏನು ತಂದರು. ಒಟ್ಟು 61 ಗಂಟೆ. ಆ ಪುಸ್ತಕ ಹಿಡಿದು ಒಂದು ಕಲ್ಲುಬೆಂಚು, ನಾಲ್ಕು ಗಿಡ, ಅದಕ್ಕೆ ಬೇಲಿ ಕೇಳಲು ಹೋದೆವು. ಅಧಿಕಾರಿ ಪುಟ ತಿರುಗಿಸಿ ನೋಡಿದರು. ಒಳ್ಳೆಯವರೇ. "ಚೆನ್ನಾಗಿದೆ ಸಾರ್, ಆದ್ರೆ ಇದಕ್ಕೆ ಹೆಡ್ ಇಲ್ಲ" ಅಂದರು. ಅಂದರೆ ಆ ಖರ್ಚನ್ನು ಬರೆಯಲು ಬಜೆಟ್ಟಿನಲ್ಲಿ ಒಂದು ಸಾಲೇ ಇಲ್ಲ.

ನನ್ನ ಸಂಕಟ ಇರುವುದು ಇಲ್ಲೇ. ಬೆಂಗಳೂರಿನಲ್ಲಿ 2021-22ರ ಪಾಲಿಕೆ ಬಜೆಟ್ಟಿನಲ್ಲಿ ವಾರ್ಡಿಗೆ 60 ಲಕ್ಷ ರೂಪಾಯಿ ಇಟ್ಟು, ಅದನ್ನು ವಾರ್ಡ್ ಸಮಿತಿಯ ಜೊತೆ ಮಾತಾಡಿ ಖರ್ಚು ಮಾಡಿ ಅಂದರು. ಒಳ್ಳೆಯದೇ. ಆದರೆ ಅದು ಗುತ್ತಿಗೆ ಕೆಲಸದ ಹಣ. ಒಂದು ಬೀದಿಗೆ 20 ಸಾವಿರ ಕೊಟ್ಟು, ಆ ಬೀದಿಯವರ 61 ಗಂಟೆಯನ್ನೂ ಹಣವೆಂದೇ ಬರೆದುಕೊಳ್ಳುವ ಸಾಲು ಬೇಕು. ನೀವು ಪಾಲಿಕೆಯನ್ನು ಕೇಳಬೇಕಾದದ್ದು ಇದನ್ನು.

ಬೇಡ ಅಂದದ್ದು ತಪ್ಪಾ ಅಂತ ಕೇಳಿದ್ದೀರಿ. ಚರಂಡಿಗೆ ಬೇಡ ಅಂದಿದ್ದರೆ ಸರಿ. ಆ ಖಾಲಿ ಮೂಲೆಗಾದರೆ, ದಯವಿಟ್ಟು ಇನ್ನೊಮ್ಮೆ ಅವರನ್ನು ಕರೆದು ಕೂರಿಸಿ ಮಾತಾಡಿ. ಹೋಗುವಾಗ ಒಂದು ಗೆರೆ ಪುಸ್ತಕ ತಗೊಂಡು ಹೋಗಿ. ಮೊದಲ ದಿನದಿಂದಲೇ ಗಂಟೆ ಬರೆಯಿರಿ. ಬಜೆಟ್ ತಯಾರಾಗುವ ಮೊದಲೇ ಆ ಪುಸ್ತಕದ ಜೆರಾಕ್ಸನ್ನು ಅರ್ಜಿಗೆ ಲಗತ್ತಿಸಿ ಪಾಲಿಕೆಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನನಗೂ ಒಂದು ಪ್ರತಿ ಕಳಿಸಿ. ನಮ್ಮ ಬೀದಿಯ ಪುಸ್ತಕದ ಜೊತೆಗೆ ಅದನ್ನೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

— ಸಂಪಾದಕ