ದೊಡ್ಡ ಸಿನಿಮಾ ಥಿಯೇಟರ್‌ಗೆ, ಸಣ್ಣ ಸಿನಿಮಾ ಓಟಿಟಿಗೆ: ಈ ಲೆಕ್ಕ ಸರಿನಾ?

ತಿಂಗಳಿಗೆ ಒಂದೇ ಸಿನಿಮಾಗೆ ದುಡ್ಡು, ಹಾಗಾಗಿ ದೊಡ್ಡದನ್ನು ಥಿಯೇಟರ್‌ನಲ್ಲಿ ನೋಡಿ, ಸಣ್ಣದನ್ನು ಓಟಿಟಿಗೆ ಬಿಡ್ತೀನಿ ಅಂದಿದ್ದೀರಿ. ಅಯ್ಯೋ, ಇದು ಥೇಟ್ ನನ್ನದೇ ಲೆಕ್ಕ. 2024ರ ಮಾರ್ಚ್‌ವರೆಗೆ ನಾನೂ ಹೀಗೇ ಇದ್ದೆ.

ನಮ್ಮಪ್ಪ ಮಲೆನಾಡಿನ ಸೊರಬದ ಕಡೆಯವರು. ಈಗ ಬೆಂಗಳೂರಲ್ಲಿ ನನ್ನ ಜೊತೆ ಇದ್ದಾರೆ. ಸಿನಿಮಾ ಅಂದರೆ ಟಿವಿಯಲ್ಲಿ ಬಂದದ್ದನ್ನು ಅರ್ಧ ನೋಡಿ ನಿದ್ದೆ ಹೋಗುವ ಜನ. ಅಂಥವರು ಒಂದು ದಿನ ಫೋನ್ ಹಿಡಿದುಕೊಂಡು ಬಂದರು. "ಎಂತಾ ಮಾರಾಯ, ನಮ್ ಕೆರೆಬೇಟೆ ಸಿನಿಮಾ ಮಾಡಿದಾರಂತೆ. ನೋಡನ ಏನಾ?" ಅಂದರು. ಕೆರೆಬೇಟೆ ಅಂದರೆ ಊರವರೆಲ್ಲ ಕೆರೆಗಿಳಿದು ಮೀನು ಹಿಡಿಯುವುದು. 'ಕೆರೆಬೇಟೆ' ಅಂತಲೇ ಹೆಸರಿನ ಸಿನಿಮಾದ ಟ್ರೇಲರ್ ಅದು. ರಾಜ್‌ಗುರು ನಿರ್ದೇಶನ, ಗೌರಿಶಂಕರ್ ಹೀರೋ. ಮಾತೆಲ್ಲ ಮಲೆನಾಡಿನದು. ಅಪ್ಪ ಅದನ್ನು ಆಗಲೇ ಐದಾರು ಸಲ ನೋಡಿದ್ದರು. ಥಿಯೇಟರ್‌ಗೆ ಹೋಗೋಣ ಅಂತ ಅವರಾಗಿ ಕೇಳಿದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು.

ಮಾರ್ಚ್ 15, ಶುಕ್ರವಾರ ರಿಲೀಸ್. ನಾನು ಹೇಳಿದ್ದು: "ಇರಪ್ಪ, ರಿವ್ಯೂ ಬರ್ಲಿ."

ರಿವ್ಯೂ ಬಂತು, ಚೆನ್ನಾಗೇ ಬಂತು. ನಾನು ಎಡವಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ರಿವ್ಯೂ ಕೆಟ್ಟದಾಗಿದ್ದು ನಾನು ಹೋಗದೆ ಇದ್ದಿದ್ದರೆ ಒಂದು ಮಾತು. ಚೆನ್ನಾಗಿದೆ ಅಂತ ಓದಿಯೇ ನಾನು ಸುಮ್ಮನಾದೆ. 'ಇಷ್ಟು ಹೊಗಳ್ತಿದ್ದಾರೆ ಅಂದ್ರೆ ಓಡುತ್ತೆ ಬಿಡು, ಮುಂದಿನ ವಾರ ಆರಾಮಾಗಿ ಹೋಗೋಣ' ಅಂದುಕೊಂಡೆ. ಒಳ್ಳೆ ಸಿನಿಮಾ ತಾನಾಗೇ ನಿಲ್ಲುತ್ತೆ ಅನ್ನೋ ನಂಬಿಕೆ. ಆ ಭಾನುವಾರ ಗೆಳೆಯರ ಜೊತೆ ಹೋಗಿ ನೋಡಿದ್ದು ಹಿಂದಿನ ವಾರವೇ ಬಂದಿದ್ದ 'ಕರಟಕ ದಮನಕ'. ಶಿವಣ್ಣ, ಪ್ರಭುದೇವ ಇಬ್ಬರೂ ಇದ್ದಾರೆ, ದೊಡ್ಡ ಪರದೆಯಲ್ಲೇ ನೋಡಬೇಕು ಅಂತ ಲೆಕ್ಕ. ನೀವು ಈಗ ಹೇಳ್ತಿರೋದೂ ಅದನ್ನೇ ಅಲ್ವಾ? ಡಾನ್ಸ್ ಚೆನ್ನಾಗಿತ್ತು. ಬಾಕಿಯದ್ದನ್ನು ಮನೆಯಲ್ಲಿ ನೋಡಿದ್ದರೂ ಏನೂ ಕಳೆದುಕೊಳ್ಳುತ್ತಿರಲಿಲ್ಲ. ಆ ತಿಂಗಳ ಸಿನಿಮಾ ದುಡ್ಡು ಅಲ್ಲಿಗೆ ಮುಗಿಯಿತು.

ಈಗ ಕ್ಯಾಲೆಂಡರ್ ನೋಡಿ. ಕೆರೆಬೇಟೆ ಬಂದ ದಿನವೇ 'ಫೋಟೋ' ಕೂಡ ಬಂತು. ಹಿಂದಿನ ಶುಕ್ರವಾರದ 'ಬ್ಲಿಂಕ್' ಇನ್ನೂ ಓಡುತ್ತಿತ್ತು. ಮಾರ್ಚ್ 22ಕ್ಕೆ ಐಪಿಎಲ್ ಶುರು, ಮೊದಲ ಮ್ಯಾಚೇ ಚೆನ್ನೈ ಮೇಲೆ ನಮ್ಮ ಆರ್‌ಸಿಬಿ. 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ. 29ಕ್ಕೆ 'ಯುವ', ರಾಜ್‌ಕುಮಾರ್ ಮನೆಯ ಹುಡುಗನ ಮೊದಲ ಸಿನಿಮಾ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು, ಪೇಪರ್‌ನಲ್ಲೇ ಇತ್ತು. ಆದರೆ ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲ. ಹೊಸಬರ ಸಿನಿಮಾಗೆ ಮೊದಲ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ ಟೈಮು. ಆ ಮೂರು ದಿನ ಸೀಟು ಎಷ್ಟು ತುಂಬಿತು ಅಂತ ನೋಡಿ ಮಲ್ಟಿಪ್ಲೆಕ್ಸ್‌ನವರು ಮುಂದಿನ ವಾರದ ಶೋ ಹಂಚುತ್ತಾರೆ. ಸಂಜೆ ಏಳರ ಶೋ ಬೆಳಿಗ್ಗೆ ಹತ್ತಕ್ಕೆ ಹೋಗುತ್ತೆ. ಬೆಳಿಗ್ಗೆ ಹತ್ತಕ್ಕೆ ಯಾರೂ ಬರಲ್ಲ. ಬರಲಿಲ್ಲ ಅಂತ ಅದನ್ನೂ ತೆಗೀತಾರೆ. 'ಓಡಿದರೆ ನೋಡ್ತೀನಿ' ಅಂತ ನಾವೆಲ್ಲ ಮನೆಯಲ್ಲಿ ಕೂತರೆ ಓಡುವುದು ಯಾರಿಂದ? ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ.

ಎರಡನೇ ವಾರ ನಮ್ಮ ಮನೆ ಹತ್ತಿರ ಎಲ್ಲೂ ಶೋ ಇರಲಿಲ್ಲ. ಊರಿನ ಆ ತುದಿಯ ಒಂದು ಮಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಒಂದಿತ್ತು. ತಿಂಗಳ ಲೆಕ್ಕ ಮೀರಿದರೂ ಸರಿ ಅಂತ ಬುಕ್ ಮಾಡಿದೆ. ಅಪ್ಪ ಮದುವೆಗೆ ಹೋಗುವವರ ಹಾಗೆ ಬಿಳಿ ಪಂಚೆ, ಇಸ್ತ್ರಿ ಅಂಗಿ. ಮಂಡಿ ನೋವು ಬೇರೆ. ಎರಡು ಬಸ್ ಹತ್ತಿ ಇಳಿದು ಹೋದೆವು. ಬಾಗಿಲಲ್ಲಿ ನಿಂತಿದ್ದ ಹುಡುಗ, "ಶೋ ಕ್ಯಾನ್ಸಲ್ ಆಗಿದೆ ಸರ್, ದುಡ್ಡು ವಾಪಸ್ ಬರುತ್ತೆ" ಅಂದ. ಯಾಕೆ ಅಂದರೆ "ಟೆಕ್ನಿಕಲ್ ಪ್ರಾಬ್ಲಮ್." ಸೀಟು ಬುಕ್ ಮಾಡುವಾಗ ನಾನೇ ನೋಡಿದ್ದೆ, ನಾವಿಬ್ಬರು ಬಿಟ್ಟರೆ ಇನ್ನೆರಡು ಸೀಟು ಹೋಗಿತ್ತು ಅಷ್ಟೇ. ಟೆಕ್ನಿಕಲ್ ಪ್ರಾಬ್ಲಮ್ ಏನು ಅಂತ ಗೊತ್ತಾಯಿತಲ್ಲ.

ಅಪ್ಪ ಒಂದೂ ಮಾತಾಡಲಿಲ್ಲ. ಕೆಳಗೆ ಬಂದು ಇಡ್ಲಿ ತಿಂದು ಮನೆಗೆ ಬಂದೆವು.

ಆಮೇಲೆ ಓಟಿಟಿಗೆ ಬಂತು. ಮನೆಯಲ್ಲಿ ಹಾಕಿದೆ. ಕೆರೆಗೆ ಜನ ಇಳಿಯುವ ದೃಶ್ಯ ಬಂದಾಗ ಅಪ್ಪ ಕೂತಲ್ಲಿಂದ ಎದ್ದುಬಿಟ್ಟರು. ನಿಮಗೆ ಗೊತ್ತಿಲ್ಲದಿದ್ದರೆ ಹೇಳ್ತೀನಿ: ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಸೊರಬ, ಸಾಗರದ ಕಡೆ ಊರಿಗೆ ಊರೇ ಸೇರಿ ಮೀನು ಹಿಡಿಯುತ್ತಾರೆ. ಕೂಣಿ ಅಂತ ಬಿದಿರಿನದು, ತಳ ಇಲ್ಲದ ಬುಟ್ಟಿ, ಕೆಳಗೆ ಅಗಲ, ಮೇಲೆ ಸಣ್ಣ ಬಾಯಿ. ಅದನ್ನು ಕೆಸರಿಗೆ ಒತ್ತುತ್ತಾ ಹೋಗಬೇಕು. ಒಳಗೆ ಮೀನು ಸಿಕ್ಕಿದರೆ ಬಡಿದುಕೊಳ್ಳುತ್ತೆ, ಕೈಗೆ ಗೊತ್ತಾಗುತ್ತೆ. ಮೇಲಿನ ಬಾಯಿಂದ ಕೈ ಹಾಕಿ ಹಿಡಿಯುವುದು. ಅಪ್ಪ ನಮ್ಮ ಪ್ಲಾಸ್ಟಿಕ್ ಬಕೆಟ್ ಬೋರಲು ಹಿಡಿದು ಹಾಲ್ ತುಂಬಾ ಒತ್ತಿ ತೋರಿಸಿದರು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಪಕ್ಕದ ಮನೆಯವರು ಬಂದರು, ಕರೆಂಟ್ ಹೋಯಿತು. ಮೂರು ದಿನ ತುಂಡು ತುಂಡಾಗಿ ಮುಗಿಸಿದೆವು. ಮೊದಲರ್ಧ ಸ್ವಲ್ಪ ಎಳೆದಿದ್ದಾರೆ. ಜಾತಿ ವಿಷಯ ಬಂದಮೇಲೆ ಬಿಗಿಯಾಗುತ್ತೆ, ಕೊನೆ ಭಾಗ ಅಂತೂ ಮೈ ಜುಮ್ ಅನ್ನುತ್ತೆ. ಆ ಕೊನೆ ಭಾಗವನ್ನು ನಾವು ನೋಡಿದ್ದು ಟಿವಿಯ ಸೌಂಡ್ ಹತ್ತಕ್ಕಿಟ್ಟುಕೊಂಡು, ಮಗು ಮಲಗಿತ್ತು ಅಂತ. ಅದೇ ವರ್ಷ ಗೋವಾ ಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗಕ್ಕೂ ಆ ಸಿನಿಮಾ ಆಯ್ಕೆಯಾಯಿತು. ಅಪ್ಪನಿಗೆ ಹೇಳಿದರೆ, "ಗೋವಾದವ್ರಿಗಾದ್ರೂ ಸಿಕ್ತಲಾ" ಅಂದರು.

ಹಾಗಾಗಿ ನಿಮ್ಮ ಲೆಕ್ಕ ತಪ್ಪು ಅಂತಲೇ ನಾನು ಹೇಳೋದು. ತಿರುಗಿಸಿ. ದೊಡ್ಡ ಸಿನಿಮಾ ನಿಮಗೋಸ್ಕರ ಕಾಯುತ್ತೆ, ಸಣ್ಣದು ಕಾಯಲ್ಲ. 2025ರ ಅಕ್ಟೋಬರ್ 2ಕ್ಕೆ ಬಂದ 'ಕಾಂತಾರ ಚಾಪ್ಟರ್ 1' ನಾನು ನೋಡಿದ್ದು ನಾಲ್ಕನೇ ವಾರ. ಆಗಲೂ ಬೇಕಾದ ಟೈಮಿಗೆ ಶೋ ಇತ್ತು, ಒಳ್ಳೆ ಸೀಟೂ ಸಿಕ್ಕಿತು. (ಸಿನಿಮಾ? ಯುದ್ಧ, ದೈವ ಬರುವ ಜಾಗಗಳು ಅದ್ಭುತ. ನಡುವಿನ ಕಾಮಿಡಿ ನನಗೆ ಹಿಡಿಸಲಿಲ್ಲ. 2022ರ ಮೊದಲ ಕಾಂತಾರವೇ ನನಗೆ ಜಾಸ್ತಿ ಇಷ್ಟ.)

ಅದಕ್ಕೂ ಮುಂಚೆ ಜುಲೈ 25ಕ್ಕೆ 'ಸು ಫ್ರಮ್ ಸೋ' ಬಂದಾಗ ನಾನು ರಿವ್ಯೂ ಮುಟ್ಟಲೇ ಇಲ್ಲ. ಶುಕ್ರವಾರ ಸಂಜೆಯೇ ಅಪ್ಪನನ್ನು ಕರೆದುಕೊಂಡು ಹೋದೆ. ಜೆ.ಪಿ. ತೂಮಿನಾಡು ಅನ್ನುವ ಹೊಸ ನಿರ್ದೇಶಕರು, ಹೆಚ್ಚಿನವರು ಗೊತ್ತಿಲ್ಲದ ಮುಖ, ಕರಾವಳಿಯ ಒಂದು ಹಳ್ಳಿ, ಒಬ್ಬನ ಮೈಮೇಲೆ ದೆವ್ವ ಬಂದಿದೆ ಅನ್ನೋ ಗಲಾಟೆ. ರವಿಯಣ್ಣ ಅನ್ನುವ ಪಾತ್ರ ಬಂದಾಗಲೆಲ್ಲ ಹಾಲ್ ಎದ್ದು ಬೀಳುತ್ತಿತ್ತು. ನಗು ಜಾಸ್ತಿಯಾಗಿ ಎಷ್ಟೋ ಡೈಲಾಗ್ ಕೇಳಿಸಲೇ ಇಲ್ಲ. ಎರಡು ದಿನ ಬಿಟ್ಟು ತಂಗಿಗೆ ಟಿಕೆಟ್ ಹುಡುಕಿದರೆ ಎಲ್ಲ ಕಡೆ ಹೌಸ್‌ಫುಲ್. ಆಮೇಲೆ ಓಟಿಟಿಯಲ್ಲಿ ಅದನ್ನೇ ಒಬ್ಬನೇ ಕೂತು ನೋಡಿದೆ. ಡೈಲಾಗ್ ಎಲ್ಲ ಕೇಳಿಸಿತು, ನಗು ಅರ್ಧಕ್ಕರ್ಧ ಬಂತು. ಪಕ್ಕದಲ್ಲಿ ಯಾರೋ ಗೊತ್ತಿಲ್ಲದವರು ನಗದಿದ್ದರೆ ಕಾಮಿಡಿ ಸಿನಿಮಾ ಸಪ್ಪೆ, ಏನು ಮಾಡೋದು.

ಟಿಕೆಟ್ ದುಬಾರಿ ಅಂದಿದ್ದೀರಿ, ಅದು ನಿಜ. 200 ರೂಪಾಯಿ ಮಿತಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಆದೇಶ ಮಾಡಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆದರೆ ದುಡ್ಡು ಜಾಸ್ತಿ ಕೀಳುವುದು ಸ್ಟಾರ್ ಸಿನಿಮಾಗಳ ಮೊದಲ ವಾರಕ್ಕೇ. ಹೊಸಬರ ಸಿನಿಮಾಗೆ ಬೆಳಗಿನ ಶೋ ನಾನು ಎಷ್ಟೋ ಸಲ ಸ್ಟಾರ್ ಸಿನಿಮಾ ರೇಟಿನ ಅರ್ಧಕ್ಕೆ ನೋಡಿದ್ದೀನಿ. ಸಿಂಗಲ್ ಸ್ಕ್ರೀನ್ ಹತ್ತಿರ ಇದ್ದರೆ ಇನ್ನೂ ಕಮ್ಮಿ. ಪಾಪ್‌ಕಾರ್ನ್ ಬಿಡಿ, ಮನೆಯಲ್ಲಿ ಊಟ ಮಾಡಿ ಹೋಗಿ.

ಹಾಗಂತ ಸಣ್ಣದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಈ ರೂಢಿ ಮಾಡಿಕೊಂಡ ಮೇಲೆ ಇಂಟರ್ವಲ್‌ಗೆ ಎದ್ದು ಬಂದ ಸಿನಿಮಾಗಳು ಬೇಕಾದಷ್ಟಿವೆ. ಒಂದಕ್ಕೆ ಅಪ್ಪನೇ ಎಬ್ಬಿಸಿಕೊಂಡು ಬಂದರು.

ಈ ಶುಕ್ರವಾರ ನಿಮ್ಮ ಊರಲ್ಲಿ ಹೊಸಬರ ಸಿನಿಮಾ ಒಂದು ಬರುತ್ತಿದೆ, 'ರಿವ್ಯೂ ನೋಡಿ ತೀರ್ಮಾನ ಮಾಡ್ತೀನಿ' ಅಂದಿದ್ದೀರಲ್ಲ. ಟ್ರೇಲರ್ ಇಷ್ಟ ಆಗಿದೆ ಅಂತಲೂ ನೀವೇ ಬರೆದಿದ್ದೀರಿ. ಶನಿವಾರಕ್ಕೆ ಬುಕ್ ಮಾಡಿ. ಕೆಟ್ಟದಾಗಿದ್ದರೆ ಇಲ್ಲೇ ಬಂದು ನನಗೆ ಬೈಯಿರಿ, ಬೈಸಿಕೊಳ್ತೀನಿ.